ನಾಗರಿಕರ ಕಡೆಗೊಂದು ಪರದೆ: ಪಂಚಾಯತಿ ಗಣಕಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಅಳವಡಿಸುವ ಕ್ರಮ

ಕಲಿಕಾ ಲೇಖನ
(ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಕ್ಲರ್ಕ್ ಕಂ ಡಾಟಾ ಎಂಟ್ರಿ ಆಪರೇಟರ್‌ಗಳು ಹಾಗೂ ಗ್ರಾಮ ಪಂಚಾಯತಿ ಗ್ರಂಥಾಲಯ ಮೇಲ್ವಿಚಾರಕರ ಉಪಯೋಗಕ್ಕಾಗಿ)

1. ಪೀಠಿಕೆ

ಗ್ರಾಮ ಪಂಚಾಯತಿ ಕಾರ್ಯಾಲಯದ ಬಾಗಿಲಲ್ಲಿ ದಿನನಿತ್ಯ ಕೇಳಿಬರುವ ಬೇಡಿಕೆಗಳಲ್ಲಿ ‘ಕಂಪ್ಯೂಟರ್ ಉತಾರ’ ಮುಖ್ಯವಾದುದು. ಇ-ಸ್ವತ್ತು ತಂತ್ರಾಂಶದ ಮೂಲಕ ನೀಡಲಾಗುವ ನಮೂನೆ 9 ಮತ್ತು ನಮೂನೆ 11ರ ಉತಾರಗಳು ಬ್ಯಾಂಕಿನ ಸಾಲಕ್ಕೂ, ಖರೀದಿ ಪತ್ರದ ನೋಂದಣಿಗೂ, ಅಣ್ಣತಮ್ಮಂದಿರ ವಾಟ್ನಿಗೂ ಆಧಾರವಾಗಿವೆ. ಇಂಥ ಉತಾರದಲ್ಲಿ ‘ಈರಪ್ಪ’ ಎಂದಿರಬೇಕಾದ ಹೆಸರು ‘ವೀರಪ್ಪ’ ಎಂದಾದರೆ, ಅಥವಾ ಪೂರ್ವ-ಪಶ್ಚಿಮದ ಅಳತೆ ಉತ್ತರ-ದಕ್ಷಿಣದ ಅಂಕಣದಲ್ಲಿ ಬಿದ್ದರೆ, ಅದರ ಪರಿಣಾಮ ಒಂದು ಅಕ್ಷರಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ದಾಖಲೆಗಳು, ಮತ್ತೆ ಓಡಾಟ. ಪ್ರತಿ ಸುತ್ತಿಗೂ ಒಂದು ದಿನದ ಕೂಲಿ ಹೋಗುತ್ತದೆ.

ನಮ್ಮ ಕಾರ್ಯಾಲಯದಲ್ಲಿ ಈ ಬಗೆಯ ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂದು ನೋಡಿದಾಗ ಕಂಡದ್ದು ಸರಳವಾದ ಸಂಗತಿ. ಮಾನಿಟರಿನ ಮುಖ ಆಪರೇಟರ್ ಕಡೆಗಿತ್ತು. ಅರ್ಜಿದಾರರಿಗೆ ಕಾಣುತ್ತಿದ್ದುದು ಅದರ ಬೆನ್ನು ಮಾತ್ರ. ತಮ್ಮ ಮನೆಯ ವಿವರವನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದುದು ಡಿಜಿಟಲ್ ಸಹಿಯಾಗಿ ಮುದ್ರಣಗೊಂಡ ಕಾಗದದಲ್ಲಿ. ಆಗ, ‘ಸಾಹೇಬ್ರ, ನಮ್ಮಪ್ಪನ ಹೆಸರು ಹಿಂಗಲ್ರೀ’ ಎಂಬ ಮಾತು ಬಂದರೂ ಅದು ತಡವಾದ ಮಾತಾಗಿರುತ್ತಿತ್ತು. ಆದ್ದರಿಂದ ಕೌಂಟರಿನಲ್ಲಿ ನಾಗರಿಕರ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನು ಇರಿಸಲು ನಿರ್ಧರಿಸಲಾಯಿತು. ಗಣಕಯಂತ್ರದ ಹಿಂಬದಿಯಲ್ಲಿ ಮಾನಿಟರಿಗೆಂದು ಇದ್ದುದು ಒಂದೇ ವಿಜಿಎ ಕಿಂಡಿ. ಎರಡನೆಯ ಪರದೆಗಾಗಿ ಗ್ರಾಫಿಕ್ಸ್ ಕಾರ್ಡ್ ಅಳವಡಿಸುವ ಕೆಲಸ ಹೀಗೆ ಆರಂಭವಾಯಿತು.

ಕಾರ್ಡ್ ಕೂರಿಸುವ ಕೆಲಸ ಹದಿನೈದು ನಿಮಿಷದ್ದು. ಅದಕ್ಕೆ ಮೊದಲು ಮಾಡಬೇಕಾದ ಪರಿಶೀಲನೆಯನ್ನು ನಾನು ಪೂರ್ತಿಯಾಗಿ ಮಾಡದ ಕಾರಣ ನಮಗೆ ಎರಡು ದಿನ ಹಿಡಿಯಿತು, ಆ ಎರಡು ದಿನವೂ ಕೌಂಟರಿನ ಮುಂದೆ ಜನ ಕಾಯಬೇಕಾಯಿತು. ಇತರ ಪಂಚಾಯತಿಗಳಲ್ಲಿ ಅದು ಮರುಕಳಿಸಬಾರದೆಂಬ ಉದ್ದೇಶದಿಂದ ಈ ಪಾಠವನ್ನು ಸಿದ್ಧಪಡಿಸಲಾಗಿದೆ.

2. ಗ್ರಾಫಿಕ್ಸ್ ಕಾರ್ಡ್ ಎಂದರೇನು

ಪರದೆಯ ಮೇಲಿನ ಚಿತ್ರವು ಚಿಕ್ಕ ಬಿಂದುಗಳಿಂದಾದುದು. ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುವ ಸಾಮಾನ್ಯ ಮಾನಿಟರಿನಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಪರದೆಯು ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವುದಾದರೆ ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಬಿಂದುಗಳ ಬಣ್ಣವನ್ನು ಕಳುಹಿಸಬೇಕಾಗುತ್ತದೆ. ಈ ಕೆಲಸಕ್ಕೆ ಮೀಸಲಾದ ಭಾಗವೇ ಗ್ರಾಫಿಕ್ಸ್ ಸಂಸ್ಕಾರಕ.

ಕಾರ್ಯಾಲಯದ ಬಹುತೇಕ ಗಣಕಯಂತ್ರಗಳಲ್ಲಿ ಈ ಸಂಸ್ಕಾರಕವು ಮುಖ್ಯ ಪ್ರೊಸೆಸರಿನೊಳಗೇ ಅಡಕವಾಗಿರುತ್ತದೆ. ಅಂಥ ಯಂತ್ರಗಳಲ್ಲಿ ಮಾನಿಟರಿನ ಕೇಬಲ್ ನೇರವಾಗಿ ಮದರ್‌ಬೋರ್ಡಿನ ಕಿಂಡಿಗೆ ಸೇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಎಂಬುದು ಇದೇ ಕೆಲಸಕ್ಕಾಗಿ ಪ್ರತ್ಯೇಕ ಫಲಕದ ಮೇಲೆ, ತನ್ನದೇ ಸ್ಮೃತಿಕೋಶ ಮತ್ತು ತಣಿಸುವ ವ್ಯವಸ್ಥೆಯೊಂದಿಗೆ ಬರುವ ಸಾಧನ. ಅದು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಎಂಬ ಉದ್ದನೆಯ ಸ್ಲಾಟಿನಲ್ಲಿ ಕೂರುತ್ತದೆ. ಆಟಗಳಿಗೆ, ವಿಡಿಯೋ ಸಂಕಲನಕ್ಕೆ, ಈಚೆಗೆ ಕೃತಕ ಬುದ್ಧಿಮತ್ತೆಯ ಗಣನೆಗೆ ಬಳಸುವ ದೊಡ್ಡ ಕಾರ್ಡುಗಳೂ, ಕೇವಲ ಎರಡು ಪರದೆಗಳನ್ನು ನಡೆಸುವ ಅಂಗೈಯಗಲದ ಕಾರ್ಡುಗಳೂ ಇದೇ ಕುಟುಂಬದವು. ನಮ್ಮ ಅಗತ್ಯ ಎರಡನೆಯ ವರ್ಗದ್ದು.

3. ಕಾರ್ಡ್ ನಿಜವಾಗಿ ಬೇಕೇ

ಸಾರ್ವಜನಿಕ ಹಣದಿಂದ ಖರೀದಿಸುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಮೊದಲ ಕರ್ತವ್ಯ. ಈ ಕೆಳಗಿನ ಕ್ರಮದಲ್ಲಿ ಯೋಚಿಸಬಹುದು.

(ಅ) ಗಣಕಯಂತ್ರ ನಿಧಾನವಾಗಿದೆ ಎಂಬುದು ಕಾರಣವಾಗಿದ್ದರೆ, ಗ್ರಾಫಿಕ್ಸ್ ಕಾರ್ಡ್ ಅದಕ್ಕೆ ಮದ್ದಲ್ಲ. ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳು ಬ್ರೌಸರಿನಲ್ಲಿ ನಡೆಯುವಂಥವು. ಅವುಗಳ ವೇಗ ಅಂತರ್ಜಾಲ ಸಂಪರ್ಕವನ್ನೂ, ಯಂತ್ರದ ರ‍್ಯಾಮನ್ನೂ, ಡಿಸ್ಕನ್ನೂ ಅವಲಂಬಿಸಿದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸುವುದು ಮತ್ತು 4 ಜಿಬಿ ರ‍್ಯಾಮನ್ನು 8 ಜಿಬಿಗೆ ಏರಿಸುವುದು ಹೆಚ್ಚು ಫಲಕಾರಿ.

(ಆ) ನಕಾಶೆಗಳನ್ನು ತೆರೆಯಲು ಕಾರ್ಡ್ ಬೇಕೆಂಬ ಅಭಿಪ್ರಾಯವಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಗಾಂವಠಾಣ ಪ್ರದೇಶದ ಡ್ರೋನ್ ಸರ್ವೆ ಕೈಗೊಳ್ಳಲಾಗಿದ್ದು, ಪ್ರಾಯೋಗಿಕ ಹಂತಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಇಂಥ ನಕಾಶೆಗಳನ್ನು ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶದಲ್ಲಿ ನೋಡುವುದಕ್ಕೂ ಮೊದಲು ಬೇಕಾದುದು ಸಾಕಷ್ಟು ರ‍್ಯಾಮ್ ಮತ್ತು ವೇಗದ ಡಿಸ್ಕ್.

(ಇ) ಎರಡನೆಯ ಪರದೆ ಬೇಕಾಗಿದ್ದರೆ ಯಂತ್ರದ ಹಿಂಬದಿಯನ್ನು ನೋಡಿರಿ. ವಿಜಿಎ ಜೊತೆಗೆ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್ ಇದ್ದರೆ, ಅನೇಕ ಮದರ್‌ಬೋರ್ಡುಗಳು ಎರಡರಲ್ಲೂ ಏಕಕಾಲಕ್ಕೆ ಚಿತ್ರ ನೀಡುತ್ತವೆ. ಆಗ ಒಂದು ಕೇಬಲ್ ಸಾಕು. ಕಾರ್ಡಿನ ಖರ್ಚು ಉಳಿಯುತ್ತದೆ.

(ಈ) ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಸಾಕೆನ್ನುವುದಾದರೆ ಸ್ಪ್ಲಿಟರ್ ಎಂಬ ಅಗ್ಗದ ಸಾಧನ ದೊರೆಯುತ್ತದೆ. ಉದಾಹರಣೆಗೆ, ಗ್ರಂಥಾಲಯದಲ್ಲಿ ಮಕ್ಕಳಿಗೆ ಪಾಠದ ವಿಡಿಯೋವನ್ನು ಮಾನಿಟರಿನಲ್ಲೂ ಟಿವಿಯಲ್ಲೂ ತೋರಿಸಲು ಅದು ತಕ್ಕುದು. ಆದರೆ ಕೌಂಟರಿಗೆ ಅದು ತಕ್ಕುದಲ್ಲ. ಆಪರೇಟರ್ ಪರದೆಯಲ್ಲಿ ಬೇರೆಯವರ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಒಟಿಪಿ ಬರುತ್ತಿರುತ್ತವೆ. ಅವೆಲ್ಲ ಎದುರು ನಿಂತವರಿಗೂ ಕಾಣುವಂತಾಗಬಾರದು. ಇಲ್ಲಿ ಬೇಕಾದುದು ಎರಡು ಬೇರೆ ಬೇರೆ ಪರದೆಗಳು, ಅಂದರೆ ‘ಎಕ್ಸ್‌ಟೆಂಡ್’ ವಿಧಾನ.

(ಉ) ಪರದೆ ಮತ್ತು ಯಂತ್ರ ಒಂದೇ ಆಗಿರುವ ಆಲ್-ಇನ್-ಒನ್ ಮಾದರಿಗೆ ಈ ಕಾರ್ಡ್ ಹಾಕಲು ಬರುವುದಿಲ್ಲ. ಅಂಥಲ್ಲಿ ಯುಎಸ್‌ಬಿ ಕಿಂಡಿಯಿಂದ ಎಚ್‌ಡಿಎಂಐ ನೀಡುವ ಅಡಾಪ್ಟರ್ ಬಳಸಬಹುದು. ಅಕ್ಷರ ಮತ್ತು ನಮೂನೆ ತೋರಿಸಲು ಅದು ಸಾಲುತ್ತದೆ.

ಹೀಗಾಗಿ ಕಾರ್ಡ್ ನಿಜವಾಗಿ ಬೇಕಾಗುವ ಸಂದರ್ಭಗಳು ಮುಖ್ಯವಾಗಿ ಮೂರು: ಮದರ್‌ಬೋರ್ಡಿನಲ್ಲಿ ಒಂದೇ ಕಿಂಡಿಯಿದ್ದು ಎರಡು ಪ್ರತ್ಯೇಕ ಪರದೆಗಳು ಬೇಕಾದಾಗ, ಮದರ್‌ಬೋರ್ಡಿನ ಕಿಂಡಿ ಕೆಟ್ಟು ಉಳಿದೆಲ್ಲ ಭಾಗಗಳು ಸರಿಯಿದ್ದಾಗ, ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲದಿದ್ದಾಗ (ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದು ಇಂಥದ್ದು). ಎರಡನೆಯ ಸಂದರ್ಭದಲ್ಲಿ, ‘ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ’ ಎಂಬ ಸಲಹೆಯನ್ನು ಒಪ್ಪುವ ಮುನ್ನ ಬೇರೆ ಯಂತ್ರದ ಕಾರ್ಡನ್ನು ಹಾಕಿ ಪರೀಕ್ಷಿಸುವುದು ಒಳಿತು.

4. ಖರೀದಿಗೆ ಮುನ್ನ ನೋಡಬೇಕಾದ ಐದು ಅಂಶಗಳು

ಒಂದು, ಸ್ಲಾಟ್. ಕ್ಯಾಬಿನೆಟ್ ಬಾಗಿಲು ತೆರೆದು ಮದರ್‌ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16 ಸ್ಲಾಟ್ ಇದೆಯೇ ಎಂದು ನೋಡಬೇಕು. ಸುಮಾರು 9 ಸೆಂಟಿಮೀಟರ್ ಉದ್ದದ, ಒಂದು ತುದಿಯಲ್ಲಿ ಕ್ಲಿಪ್ ಇರುವ ಸ್ಲಾಟ್ ಅದು. ಸಾಮಾನ್ಯವಾಗಿ ಪ್ರೊಸೆಸರಿನ ಫ್ಯಾನಿಗೆ ಹತ್ತಿರದಲ್ಲಿರುತ್ತದೆ. ಈ ಸ್ಲಾಟಿನಲ್ಲಿ ಹಲವು ಪೀಳಿಗೆಗಳಿವೆಯಾದರೂ ಹೊಸ ಪೀಳಿಗೆಯ ಕಾರ್ಡ್ ಹಳೆಯ ಪೀಳಿಗೆಯ ಸ್ಲಾಟಿನಲ್ಲಿ ಕಡಿಮೆ ವೇಗದಲ್ಲಿ ಕೆಲಸ ಮಾಡುವಂತೆ ರೂಪಿಸಲಾಗಿದೆ. ಬಹಳ ಹಳೆಯ ಯಂತ್ರಗಳಲ್ಲಿ ಮಾತ್ರ ಬಯಾಸ್ ಹೊಸ ಕಾರ್ಡನ್ನು ಗುರುತಿಸದಿರುವ ಸಾಧ್ಯತೆಯಿದೆ. ಆದ್ದರಿಂದ ಮದರ್‌ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಮಾರಾಟಗಾರರಿಗೆ ತಿಳಿಸಬೇಕು.

ಎರಡು, ಜಾಗ. ತೆಳ್ಳನೆಯ ಕ್ಯಾಬಿನೆಟ್ ಇದ್ದರೆ ‘ಲೋ ಪ್ರೊಫೈಲ್’ ಕಾರ್ಡ್ ಮತ್ತು ಅದಕ್ಕೆ ಹೊಂದುವ ಗಿಡ್ಡ ಪಟ್ಟಿ ಬೇಕು. ಸ್ಲಾಟಿನಿಂದ ಮುಂದಿನ ಅಡ್ಡಿಯವರೆಗಿನ ಉದ್ದವನ್ನು ಪಟ್ಟಿಯಿಂದ ಅಳೆದು ಬರೆದುಕೊಳ್ಳಬೇಕು. ಕೆಲವು ಕಾರ್ಡುಗಳು ದಪ್ಪನಾಗಿದ್ದು ಪಕ್ಕದ ಸ್ಲಾಟಿನ ಜಾಗವನ್ನೂ ಆಕ್ರಮಿಸುತ್ತವೆ.

ಮೂರು, ವಿದ್ಯುತ್. ಎಕ್ಸ್16 ಸ್ಲಾಟ್ ತಾನೇ ಗರಿಷ್ಠ 75 ವ್ಯಾಟ್ ನೀಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು: 6 ಪಿನ್ನಿನ ತಂತಿ 75 ವ್ಯಾಟ್, 8 ಪಿನ್ನಿನ ತಂತಿ 150 ವ್ಯಾಟ್ ವರೆಗೆ ಒದಗಿಸುತ್ತದೆ. ಕಾರ್ಯಾಲಯಗಳಿಗೆ ಪೂರೈಕೆಯಾಗುವ ಬ್ರ್ಯಾಂಡೆಡ್ ಯಂತ್ರಗಳ ಎಸ್‌ಎಂಪಿಎಸ್ ಚಿಕ್ಕದಾಗಿದ್ದು, ಅವುಗಳಲ್ಲಿ ಈ ತಂತಿ ಹಲವು ಬಾರಿ ಇರುವುದೇ ಇಲ್ಲ. ಎರಡು ಪರದೆಗಳ ಅಗತ್ಯಕ್ಕೆ ಸುಮಾರು 20ರಿಂದ 30 ವ್ಯಾಟಿನ, ಪ್ರತ್ಯೇಕ ತಂತಿ ಬೇಡದ ಕಾರ್ಡ್ ಸಾಕು. ಜಿಫೋರ್ಸ್ ಜಿಟಿ 710 ಮತ್ತು ಜಿಟಿ 1030 ಈ ವರ್ಗಕ್ಕೆ ಉದಾಹರಣೆಗಳು. ಹೊಸ ಮಾನಿಟರ್ ಸಹ ಸುಮಾರು 20 ವ್ಯಾಟ್ ಬಳಸುವುದರಿಂದ ವಿದ್ಯುತ್ ಕಡಿತವಾದಾಗ ಯುಪಿಎಸ್ ನಿಲ್ಲುವ ಅವಧಿ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾಲ್ಕು, ಕಿಂಡಿ. ನಾವು ಎಡವಿದ್ದು ಇಲ್ಲಿಯೇ. ನಮ್ಮಲ್ಲಿದ್ದ ಎರಡೂ ಮಾನಿಟರುಗಳು ಕೇವಲ ವಿಜಿಎ ಕಿಂಡಿಯವು. ತಂದ ಕಾರ್ಡಿನಲ್ಲಿ ಇದ್ದುದು ಎಚ್‌ಡಿಎಂಐ ಮತ್ತು ಡಿವಿಐ-ಡಿ. ವಿಜಿಎ 1987ರಲ್ಲಿ ಬಂದ ಅನಲಾಗ್ ವ್ಯವಸ್ಥೆ. ಎಚ್‌ಡಿಎಂಐ ಮತ್ತು ಡಿವಿಐ-ಡಿ ಕಿಂಡಿಗಳು ಡಿಜಿಟಲ್ ಸಂಕೇತವನ್ನು ಮಾತ್ರ ಕೊಡುತ್ತವೆ. ಇವೆರಡರ ನಡುವೆ ಕೇವಲ ತಂತಿ ಜೋಡಿಸುವ ಕೇಬಲ್ ನಡೆಯದು; ಸಂಕೇತವನ್ನು ಪರಿವರ್ತಿಸುವ ಚಿಪ್ ಉಳ್ಳ ಅಡಾಪ್ಟರ್ ಬೇಕು. ಅದನ್ನು ತರಿಸಲು ಒಂದು ದಿನ ಹೋಯಿತು. ಆದ್ದರಿಂದ ಕಾರ್ಡಿನ ಕಿಂಡಿಗಳ ಹೆಸರನ್ನೂ ಮಾನಿಟರುಗಳ ಕಿಂಡಿಗಳ ಹೆಸರನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದು, ಪ್ರತಿಯೊಂದಕ್ಕೂ ಗೆರೆ ಎಳೆದು ನೋಡಿದ ಮೇಲೆಯೇ ಖರೀದಿಸಬೇಕು.

ಐದು, ಡ್ರೈವರ್ ತಂತ್ರಾಂಶದ ಬೆಂಬಲ. ಕಾರ್ಡ್ ಹೊಸದಾಗಿ ಪೊಟ್ಟಣದಲ್ಲಿ ಬಂದರೂ ಅದರ ವಿನ್ಯಾಸ ಹಳೆಯದಾಗಿರಬಹುದು. ಜಿಟಿ 710ರ ಪೀಳಿಗೆಗೆ ತಯಾರಕರು ನಿಯಮಿತ ಡ್ರೈವರ್ ನೀಡುವುದನ್ನು 2021ರಲ್ಲಿ ನಿಲ್ಲಿಸಿ, ಸುರಕ್ಷತಾ ತಿದ್ದುಪಡಿಗಳನ್ನು 2024ರವರೆಗೆ ಮಾತ್ರ ನೀಡುವುದಾಗಿ ಪ್ರಕಟಿಸಿದ್ದರು. ಅಗ್ಗವೆಂದು ಕೊಳ್ಳುವ ಮುನ್ನ ತಯಾರಕರ ಜಾಲತಾಣದಲ್ಲಿ ಆ ಮಾದರಿಗೆ ಈಗಲೂ ಬೆಂಬಲವಿದೆಯೇ ಎಂದು ನೋಡಬೇಕು. ಹಾಗೆಯೇ ಯಂತ್ರದಲ್ಲಿ ವಿಂಡೋಸ್ 10 ಇದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ. ಬದಲಿಸಲೇಬೇಕಾದಷ್ಟು ಹಳೆಯ ಯಂತ್ರಕ್ಕೆ ಹೊಸ ಕಾರ್ಡ್ ಹಾಕುವುದು ವಿವೇಕವಲ್ಲ.

ಖರೀದಿಯನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಚಾಲ್ತಿಯಲ್ಲಿರುವ ಆದೇಶಗಳ ಪ್ರಕಾರವೇ ಕೈಗೊಳ್ಳತಕ್ಕದ್ದು. ಯಂತ್ರವು ಇನ್ನೂ ವಾರಂಟಿಯಲ್ಲಿದ್ದರೆ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿದ್ದರೆ ನಾವೇ ತೆರೆಯದೆ ಸಂಬಂಧಪಟ್ಟವರನ್ನು ಕರೆಸಬೇಕು.

5. ಪೂರ್ವಸಿದ್ಧತೆ

ಕೆಲಸಕ್ಕೆ ಜನಸಂದಣಿ ಇಲ್ಲದ ವೇಳೆಯನ್ನು ಆರಿಸಿಕೊಳ್ಳಿ. ಸಂತೆಯ ದಿನ, ಗ್ರಾಮಸಭೆಯ ಹಿಂದಿನ ದಿನ, ಬಿಲ್ಲುಗಳ ಪಾವತಿಯ ಕೊನೆಯ ದಿನ ಬೇಡ.

ಮೊದಲು ದತ್ತಾಂಶದ ರಕ್ಷಣೆ. ಯಂತ್ರದಲ್ಲಿ ಉಳಿಸಿರುವ ನಡಾವಳಿ, ಸ್ಕ್ಯಾನ್ ಪ್ರತಿ, ತೆರಿಗೆ ಪಟ್ಟಿಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಒಂದೆರಡು ಕಡತಗಳನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ಡಿಜಿಟಲ್ ಸಹಿಯ ಟೋಕನ್ನನ್ನು ತೆಗೆದು ಸಂಬಂಧಪಟ್ಟ ಅಧಿಕಾರಿಯ ವಶದಲ್ಲಿಡಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಚಾಲನೆಯಲ್ಲಿದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವುದು ಅತ್ಯಗತ್ಯ. ಯಂತ್ರಾಂಶ ಅಥವಾ ಬಯಾಸ್ ಬದಲಾದಾಗ ವಿಂಡೋಸ್ ಆ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲವೂ ಕೈತಪ್ಪುತ್ತದೆ. ಹೊಸ ಕಾರ್ಡಿನ ಡ್ರೈವರನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ‘ಎಲ್ಲ ಡ್ರೈವರ್ ಉಚಿತ’ ಎಂದು ಸಾರುವ ಇತರ ತಾಣಗಳಿಂದ ಏನನ್ನೂ ಇಳಿಸಬಾರದು.

ಇನ್ನು ಧೂಳಿನ ವಿಚಾರ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಮಣ್ಣಿನ ನಯವಾದ ಧೂಳು ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ್ದರೂ ಕ್ಯಾಬಿನೆಟ್ಟಿನೊಳಗೆ ಪದರಗಟ್ಟುತ್ತದೆ. ಕಲಘಟಗಿ ಕಡೆ ಮಳೆಗಾಲದ ತೇವದಿಂದ ಅದೇ ಧೂಳು ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ತೆರೆಯದ ಯಂತ್ರವನ್ನು ಮೊದಲು ಹೊರಗೆ ಒಯ್ದು ಬ್ಲೋವರ್ ಅಥವಾ ಒಣಗಿದ ಮೃದು ಕುಂಚದಿಂದ ಸ್ವಚ್ಛಗೊಳಿಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ತಡೆದಿರಬೇಕು. ಒದ್ದೆ ಬಟ್ಟೆಯನ್ನು ಒಳಗೆ ತಾಗಿಸಬಾರದು.

6. ಅಳವಡಿಕೆಯ ಹಂತಗಳು

ಹಂತ 1. ಯಂತ್ರವನ್ನು ಶಟ್‌ಡೌನ್ ಮಾಡಿ, ವಿದ್ಯುತ್ ತಂತಿಯನ್ನು ಯುಪಿಎಸ್‌ನಿಂದ ಕಿತ್ತು ತೆಗೆಯಿರಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಯುಪಿಎಸ್ ತನ್ನ ಬ್ಯಾಟರಿಯಿಂದ ವಿದ್ಯುತ್ ನೀಡುತ್ತಲೇ ಇರುತ್ತದೆ. ಬಳಿಕ ಯಂತ್ರದ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿಕೆ ವಿದ್ಯುತ್ತನ್ನು ಹೊರಹಾಕಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಕೂಡದು.

ಹಂತ 2. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ ಪಕ್ಕದ ಬಾಗಿಲನ್ನು ತೆಗೆಯಿರಿ. ಒಳಗೆ ಕೈಯಿಡುವ ಮುನ್ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿರಿ. ಒಣಹವೆಯ ದಿನಗಳಲ್ಲಿ ಮೈಯಲ್ಲಿ ಸಂಗ್ರಹವಾಗುವ ಸ್ಥಿರ ವಿದ್ಯುತ್ತು ನಮಗೆ ಅರಿವಾಗದಷ್ಟು ಚಿಕ್ಕದಾಗಿದ್ದರೂ ಚಿಪ್ಪನ್ನು ಕೆಡಿಸಬಲ್ಲದು. ಕೆಲಸದ ನಡುವೆ ಎದ್ದು ಓಡಾಡಿ ಬಂದರೆ ಮತ್ತೊಮ್ಮೆ ಮುಟ್ಟಬೇಕು.

ಹಂತ 3. ಸ್ಲಾಟಿನ ನೇರಕ್ಕೆ ಕ್ಯಾಬಿನೆಟ್ ಹಿಂಬದಿಯಲ್ಲಿರುವ ತಗಡಿನ ಪಟ್ಟಿಯನ್ನು ಬಿಚ್ಚಿರಿ. ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಡಿ. ಒಳಗೆ ಬಿದ್ದುಳಿದ ಒಂದು ಸ್ಕ್ರೂ ಮದರ್‌ಬೋರ್ಡನ್ನೇ ಸುಡಬಹುದು.

ಹಂತ 4. ಸ್ಲಾಟಿನ ತುದಿಯ ಕ್ಲಿಪ್ಪನ್ನು ಹಿಂದಕ್ಕೆ ಸರಿಸಿ. ಕಾರ್ಡನ್ನು ಅಂಚುಗಳಲ್ಲಿ ಹಿಡಿದು, ಬಂಗಾರದ ಬಣ್ಣದ ಪಟ್ಟಿಗಳನ್ನು ಮುಟ್ಟದೆ, ಸ್ಲಾಟಿನ ಕಚ್ಚಿಗೆ ಕಾರ್ಡಿನ ಕಚ್ಚು ಹೊಂದುವಂತೆ ನೇರವಾಗಿ ನಿಲ್ಲಿಸಿ, ಎರಡೂ ಬದಿಗೆ ಸಮನಾಗಿ ಒತ್ತಿರಿ. ಕ್ಲಿಪ್ ‘ಟಕ್’ ಎಂದು ಕೂತಾಗ ಕಾರ್ಡ್ ಪೂರ್ತಿ ಇಳಿದಂತೆ. ಇಳಿಯದಿದ್ದರೆ ಬಲಪ್ರಯೋಗ ಬೇಡ. ಹೊರತೆಗೆದು ಹೊಂದಾಣಿಕೆ ನೋಡಿ.

ಹಂತ 5. ಕಾರ್ಡಿನ ಲೋಹದ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿಮಾಡಿ. ಇದನ್ನು ಬಿಟ್ಟರೆ ಮಾನಿಟರ್ ಕೇಬಲ್ ಎಳೆದಾಗಲೆಲ್ಲ ಕಾರ್ಡ್ ಸ್ಲಾಟಿನಲ್ಲಿ ಅಲುಗಾಡುತ್ತದೆ.

ಹಂತ 6. ಪ್ರತ್ಯೇಕ ವಿದ್ಯುತ್ ತಂತಿ ಬೇಕಾದ ಕಾರ್ಡಾಗಿದ್ದರೆ ಅದನ್ನು ಜೋಡಿಸಿ. ಪ್ರೊಸೆಸರಿಗೆ ಹೋಗುವ 8 ಪಿನ್ನಿನ ತಂತಿಯೂ ನೋಡಲು ಹಾಗೆಯೇ ಇರುತ್ತದೆ. ಅದನ್ನು ಕಾರ್ಡಿಗೆ ಹಾಕಬಾರದು.

ಹಂತ 7. ಒಳಗಿನ ತಂತಿಗಳು ಯಾವ ಫ್ಯಾನಿಗೂ ತಾಗುತ್ತಿಲ್ಲವೆಂದು ನೋಡಿ ಬಾಗಿಲು ಹಾಕಿ. ಎರಡೂ ಮಾನಿಟರುಗಳ ಕೇಬಲ್ಲನ್ನು ಹೊಸ ಕಾರ್ಡಿನ ಕಿಂಡಿಗಳಿಗೇ ಸೇರಿಸಿ. ಆಮೇಲೆ ವಿದ್ಯುತ್ ಸಂಪರ್ಕ ಕೊಡಿ.

7. ಡ್ರೈವರ್ ಮತ್ತು ಪರದೆಗಳ ಹೊಂದಾಣಿಕೆ

ಮೊದಲ ಬಾರಿ ವಿಂಡೋಸ್ ತೆರೆದಾಗ ಅಕ್ಷರಗಳು ದೊಡ್ಡದಾಗಿ, ಹಿಗ್ಗಿದಂತೆ ಕಾಣಬಹುದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂಬ ಹೆಸರಿರುತ್ತದೆ. ಇದು ದೋಷವಲ್ಲ, ಡ್ರೈವರ್ ಇನ್ನೂ ಬಂದಿಲ್ಲವೆಂಬ ಸೂಚನೆ. ಪೆನ್‌ಡ್ರೈವಿನಲ್ಲಿರುವ ಡ್ರೈವರನ್ನು ಅಳವಡಿಸಿ ಯಂತ್ರವನ್ನು ಪುನಃ ಪ್ರಾರಂಭಿಸಿದಾಗ ಕಾರ್ಡಿನ ನಿಜವಾದ ಹೆಸರು ಕಾಣಬೇಕು.

ಬಳಿಕ ವಿಂಡೋಸ್ ಕೀಲಿಯೊಂದಿಗೆ ಪಿ ಅಕ್ಷರವನ್ನು ಒತ್ತಿ ‘ಎಕ್ಸ್‌ಟೆಂಡ್’ ಆರಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ ಪುಟಕ್ಕೆ ಹೋಗಿ ‘ಐಡೆಂಟಿಫೈ’ ಒತ್ತಿದರೆ ಪ್ರತಿ ಪರದೆಯ ಮೇಲೂ ಅದರ ಸಂಖ್ಯೆ ಮೂಡುತ್ತದೆ. ಆಪರೇಟರ್ ಕಡೆಯದನ್ನು ಮುಖ್ಯ ಪರದೆಯಾಗಿ ಗುರುತಿಸಬೇಕು. ನಾಗರಿಕರ ಕಡೆಯ ಪರದೆಗೆ ‘ಸ್ಕೇಲ್’ ಅನ್ನು 150 ಪ್ರತಿಶತಕ್ಕೆ ಏರಿಸಿದರೆ ಹಿರಿಯರಿಗೂ ಕನ್ನಡದ ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಆ ಪರದೆಯ ಹಿನ್ನೆಲೆಯಲ್ಲಿ ಯಾವುದೇ ಕಡತದ ಐಕಾನ್ ಇರಬಾರದು.

8. ಪರದೆ ಕಪ್ಪಾಗಿಯೇ ಉಳಿದರೆ

ನಮ್ಮ ಎರಡನೆಯ ದಿನ ಕಳೆದದ್ದು ಇದರಲ್ಲಿ. ಫ್ಯಾನ್ ತಿರುಗುತ್ತಿತ್ತು, ಪರದೆಯಲ್ಲಿ ಏನೂ ಇಲ್ಲ. ಕಾರ್ಡೇ ಕೆಟ್ಟದ್ದು ಬಂದಿದೆ ಎಂದು ಮರಳಿಸಲು ಪತ್ರವನ್ನೂ ಬರೆದಾಗಿತ್ತು. ಸಂಜೆ ನೋಡಿದರೆ, ಸ್ವಚ್ಛತೆಯ ವೇಳೆ ಬಿಚ್ಚಿದ ಕೇಬಲ್ಲನ್ನು ಅಭ್ಯಾಸಬಲದಿಂದ ಮದರ್‌ಬೋರ್ಡಿನ ಹಳೆಯ ಕಿಂಡಿಗೇ ಹಾಕಲಾಗಿತ್ತು. ಕಾರ್ಡ್ ಕೂತೊಡನೆ ಅನೇಕ ಮದರ್‌ಬೋರ್ಡುಗಳು ತಮ್ಮ ಕಿಂಡಿಗೆ ಚಿತ್ರ ಕಳುಹಿಸುವುದನ್ನು ನಿಲ್ಲಿಸುತ್ತವೆ. ಕೇಬಲ್ ಹಾಕಿದವನು ನಾನೇ. ಎಂಜಿನಿಯರಿಂಗ್ ಪದವಿ ಆ ಹೊತ್ತಿಗೆ ನೆರವಿಗೆ ಬರಲಿಲ್ಲ; ಕ್ರಮವಾಗಿ ಪರಿಶೀಲಿಸುವ ಪಟ್ಟಿಯೊಂದು ಗೋಡೆಯ ಮೇಲಿದ್ದರೆ ಬರುತ್ತಿತ್ತು. ಆ ಪಟ್ಟಿ ಹೀಗಿದೆ:

(1) ಕೇಬಲ್ ಕಾರ್ಡಿನ ಕಿಂಡಿಯಲ್ಲಿದೆಯೇ? (2) ಮಾನಿಟರಿಗೆ ವಿದ್ಯುತ್ ಇದೆಯೇ, ಅದರ ಮೆನುವಿನಲ್ಲಿ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ? (3) ಒಂದೇ ಮಾನಿಟರ್ ಜೋಡಿಸಿ, ಬೇರೆ ಕೇಬಲ್ ಹಾಕಿ ನೋಡಲಾಗಿದೆಯೇ? (4) ವಿದ್ಯುತ್ ಕಿತ್ತು, ಕಾರ್ಡನ್ನು ತೆಗೆದು ಮತ್ತೆ ಕೂರಿಸಲಾಗಿದೆಯೇ? (5) ಪ್ರತ್ಯೇಕ ವಿದ್ಯುತ್ ತಂತಿ ಬೇಕಿದ್ದರೆ ಅದು ಪೂರ್ತಿ ಕೂತಿದೆಯೇ? (6) ಸ್ವಚ್ಛತೆಯ ವೇಳೆ ರ‍್ಯಾಮ್ ಸಡಿಲವಾಗಿದೆಯೇ? (7) ಕಾರ್ಡ್ ತೆಗೆದು ಮದರ್‌ಬೋರ್ಡ್ ಕಿಂಡಿಗೆ ಕೇಬಲ್ ಹಾಕಿದರೆ ಮೊದಲಿನಂತೆ ಚಿತ್ರ ಬರುತ್ತದೆಯೇ? ಬಂದರೆ ಬಯಾಸ್‌ನಲ್ಲಿ ಪ್ರಾಥಮಿಕ ಡಿಸ್‌ಪ್ಲೇ ಆಯ್ಕೆಯನ್ನು ಪಿಸಿಐ ಎಕ್ಸ್‌ಪ್ರೆಸ್‌ಗೆ ಬದಲಿಸಿ ಮತ್ತೆ ಯತ್ನಿಸಬೇಕು. (8) ಇದೇ ಕಾರ್ಡ್ ಬೇರೊಂದು ಯಂತ್ರದಲ್ಲಿ ನಡೆಯುತ್ತದೆಯೇ? ಅಲ್ಲಿಯೂ ನಡೆಯದಿದ್ದರೆ ಮಾತ್ರ ಕಾರ್ಡ್ ದೋಷಪೂರಿತವೆಂದು ತೀರ್ಮಾನಿಸಬಹುದು.

ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ನಂತರ, ದೂರು ಕೊನೆಗೆ ಎಂಬುದು ಈ ಪಟ್ಟಿಯ ತತ್ವ.

9. ಕೌಂಟರಿನಲ್ಲಿ ಬಳಸುವ ಕ್ರಮ

ಪರದೆ ಇರಿಸಿದ ಮಾತ್ರಕ್ಕೆ ತಪ್ಪು ಕಡಿಮೆಯಾಗುವುದಿಲ್ಲ. ಆಪರೇಟರ್ ತನ್ನ ಪರದೆಯಲ್ಲಿ ವಿವರಗಳನ್ನು ನಮೂದಿಸಿ ಮುಗಿಸಿದ ಮೇಲೆ, ಅನುಮೋದನೆಗೆ ಕಳುಹಿಸುವ ಮುನ್ನ, ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳೊಂದಿಗೆ ಬಲ ಅಥವಾ ಎಡ ಬಾಣದ ಕೀಲಿಯನ್ನು ಒತ್ತಿದರೆ ಆ ಕಿಟಕಿ ನಾಗರಿಕರ ಪರದೆಗೆ ಸರಿಯುತ್ತದೆ. ಅಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಆಸ್ತಿ ಸಂಖ್ಯೆ, ಅಳತೆ, ಚಕ್ಕುಬಂದಿ ಈ ಐದನ್ನು ಅವರಿಂದಲೇ ಪರಿಶೀಲಿಸಬೇಕು. ಅವರು ಒಪ್ಪಿದ ಮೇಲೆ ಕಿಟಕಿಯನ್ನು ಹಿಂದಕ್ಕೆ ತಂದು ಮುಂದುವರಿಯಬೇಕು.

ಓದಲು ಬಾರದವರಿಗೆ ಪರದೆ ತೋರಿಸಿ ‘ಸರಿಯಿದೆಯಾ ಅಜ್ಜಿ’ ಎಂದು ಕೇಳಿದರೆ ಅವರು ತಲೆಯಾಡಿಸುತ್ತಾರೆ, ಅದು ಪರಿಶೀಲನೆಯಲ್ಲ. ಅಂಥವರಿಗೆ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ಹೇಳಬೇಕು: ‘ಮೂಡಣಕ್ಕ ಯಾರ ಮನಿ ಐತಿ, ಯಜಮಾನ್ರ ಹೆಸರು ಏನ್ ಅಂತ ಬರೀಬೇಕು?’ ಎಂದು ಕೇಳಿ, ಉತ್ತರವನ್ನು ಪರದೆಯ ವಿವರದೊಂದಿಗೆ ತಾಳೆ ನೋಡಬೇಕು. ಅಕ್ಷರ ಬಾರದಿದ್ದರೂ ತಮ್ಮ ಮನೆಯ ಛಾಯಾಚಿತ್ರವನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ. ಚಿತ್ರ ಲಭ್ಯವಿದ್ದಲ್ಲಿ ಅದನ್ನೂ ತೋರಿಸಬೇಕು.

ಒಬ್ಬರ ದಾಖಲೆಯನ್ನು ಇನ್ನೊಬ್ಬರ ಎದುರು ಪರದೆಯಲ್ಲಿ ಬಿಡಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಅಂಗೀಕಾರವಾಗಿರುವ ಈ ಕಾಲದಲ್ಲಿ ಇದು ಶಿಷ್ಟಾಚಾರ ಮಾತ್ರವಲ್ಲ, ಹೊಣೆಗಾರಿಕೆ. ಹಿಂದೆ ಸಾಲಿನಲ್ಲಿ ನಿಂತವರಿಗೆ ಕಾಣದಂತೆ ಪರದೆಯ ಕೋನವನ್ನು ಹೊಂದಿಸಬೇಕು.

10. ದಾಖಲೆ ಮತ್ತು ನಿರ್ವಹಣೆ

ಕಾರ್ಡ್, ಮಾನಿಟರ್, ಅಡಾಪ್ಟರುಗಳನ್ನು ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಸಹಿತ ನಮೂದಿಸಬೇಕು. ಕ್ಯಾಬಿನೆಟ್ಟಿನೊಳಗೆ ಕೂತ ವಸ್ತು ಕಣ್ಣಿಗೆ ಕಾಣುವುದಿಲ್ಲ. ದುರಸ್ತಿಗೆ ಹೋದ ಯಂತ್ರ ಮರಳಿದಾಗ ಅದೇ ಕಾರ್ಡ್ ಇದೆಯೇ ಎಂದು ತಿಳಿಯಲು ಈ ಸಂಖ್ಯೆಯೊಂದೇ ಆಧಾರ. ಬಿಲ್ಲು, ವಾರಂಟಿ ಪತ್ರ ಹಾಗೂ ಬಿಚ್ಚಿದ ತಗಡಿನ ಪಟ್ಟಿಯನ್ನು ಒಂದೇ ಲಕೋಟೆಯಲ್ಲಿಡಿ. ಎರೆಭೂಮಿ ಭಾಗದಲ್ಲಿ ವರ್ಷಕ್ಕೆ ಎರಡು ಬಾರಿ, ಬೇಸಿಗೆಗೆ ಮುನ್ನ ಮತ್ತು ಬೇಸಿಗೆಯ ನಂತರ, ಒಳಗಿನ ಧೂಳು ತೆಗೆಸುವುದು ಒಳ್ಳೆಯದು. ಕೆಟ್ಟ ಬಿಡಿಭಾಗಗಳನ್ನು ಗುಜರಿಗೆ ಮಾರದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು, 2022ರಂತೆ ನೋಂದಾಯಿತ ಸಂಸ್ಕರಣೆದಾರರಿಗೆ ವಿಲೇವಾರಿ ಮಾಡತಕ್ಕದ್ದು.

11. ಸ್ವಯಂ ಪರೀಕ್ಷೆಗೆ

(ಅ) ನಿಮ್ಮ ಕಾರ್ಯಾಲಯದ ಯಂತ್ರದ ಹಿಂಬದಿಯಲ್ಲಿ ಯಾವ ಯಾವ ಚಿತ್ರ ಕಿಂಡಿಗಳಿವೆ? ಕಾರ್ಡ್ ಇಲ್ಲದೆ ಎರಡನೆಯ ಪರದೆ ಸಾಧ್ಯವೇ?
(ಆ) 75 ವ್ಯಾಟಿಗಿಂತ ಹೆಚ್ಚು ಬೇಡುವ ಕಾರ್ಡಿಗೆ ನಿಮ್ಮ ಎಸ್‌ಎಂಪಿಎಸ್‌ನಲ್ಲಿ ತಂತಿ ಇದೆಯೇ?
(ಇ) ಎಚ್‌ಡಿಎಂಐ ಕಾರ್ಡಿಗೆ ವಿಜಿಎ ಮಾನಿಟರ್ ಜೋಡಿಸಲು ಏನು ಬೇಕು, ಏಕೆ?
(ಈ) ಬಿಟ್‌ಲಾಕರ್ ಕೀಲಿ ಎಲ್ಲಿದೆ, ಯಾರ ವಶದಲ್ಲಿದೆ?
(ಉ) ಕಳೆದ ತಿಂಗಳು ಬಂದ ಉತಾರ ತಿದ್ದುಪಡಿ ಅರ್ಜಿಗಳಲ್ಲಿ ಎಷ್ಟನ್ನು, ಅರ್ಜಿದಾರರು ಸಹಿಗೆ ಮುನ್ನ ಪರದೆ ನೋಡಿದ್ದರೆ ತಪ್ಪಿಸಬಹುದಿತ್ತು?

ಕೊನೆಯ ಪ್ರಶ್ನೆಗೆ ಉತ್ತರವನ್ನು ಅರ್ಜಿಗಳ ಕಡತ ತೆಗೆದು ಎಣಿಸಿಯೇ ಬರೆಯಬೇಕೆಂದು ಸಹೋದ್ಯೋಗಿಗಳಲ್ಲಿ ವಿನಂತಿ. ಆ ಸಂಖ್ಯೆ ಶೂನ್ಯವಾಗಿದ್ದರೆ ನಿಮ್ಮ ಕಾರ್ಯಾಲಯಕ್ಕೆ ಕಾರ್ಡೂ ಬೇಡ, ಎರಡನೆಯ ಪರದೆಯೂ ಬೇಡ. ಹಾಗಿಲ್ಲದಿದ್ದರೆ, ಮೇಲಿನ ಕ್ರಮದಲ್ಲಿ ಮುಂದುವರಿಯಲು ಅದೇ ಸಾಕಾದ ಕಾರಣ.